ಜಿಗಿತಕ್ಕೆ ಹೆಸರಾದವರು

ಜಾವಗಲ್ಲಿನ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಶಿಲ್ಪಿ ಮಲ್ಲಿತಮ್ಮನ ಹೆಸರು ಸಿಗುತ್ತದೆ. ತಾವು ಕಡೆದ ವಿಗ್ರಹದ ಅಡಿಯಲ್ಲಿ ಹೆಸರು ಕೆತ್ತುವುದು ಹೊಯ್ಸಳರ ಕಾಲದ ರೂವಾರಿಗಳಿಗೆ ರೂಢಿ. ಹದಿಮೂರನೇ ಶತಮಾನದ ಆ ಕೈಬರಹ ಇವತ್ತಿಗೂ ಓದಲು ಸಿಗುವುದು ಅದು ಕಲ್ಲಿನ ಮೇಲಿದೆ ಎಂಬ ಕಾರಣಕ್ಕೆ. ಮಂಜುಗಡ್ಡೆಯ ಮೇಲೆ ಕಲೆ ತೋರುವವರಿಗೆ ಆ ಅನುಕೂಲವಿಲ್ಲ. ಸ್ಕೇಟ್‌ನ ಅಲಗು ಎಳೆದ ಗೆರೆಯನ್ನು ಸ್ವಲ್ಪ ಹೊತ್ತಿಗೆಲ್ಲ ಯಂತ್ರ ಬಂದು ಒರೆಸುತ್ತದೆ. ಹಾಗಾಗಿ ಫಿಗರ್ ಸ್ಕೇಟಿಂಗ್ ಆಟಗಾರರ ಹೆಸರು ಉಳಿದಿರುವುದು ಅವರು ಹಾರಿದ ಜಿಗಿತಗಳಲ್ಲಿ.

ಈ ಆಟದ ವಿಶ್ವ ಚಾಂಪಿಯನ್‌ಶಿಪ್ ಮೊದಲು ನಡೆದದ್ದು 1896ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಕಣದಲ್ಲಿದ್ದವರು ನಾಲ್ವರು ಗಂಡಸರು, ಗೆದ್ದವರು ಜರ್ಮನಿಯ ಗಿಲ್ಬರ್ಟ್ ಫುಕ್ಸ್. ಹೆಂಗಸರು ಬರಬಾರದೆಂದು ನಿಯಮದಲ್ಲಿ ಬರೆದಿರಲಿಲ್ಲ. ಬರೆಯಬೇಕಾದೀತು ಎಂದು ಯಾರಿಗೂ ಹೊಳೆದಿರಲಿಲ್ಲ. 1902ರಲ್ಲಿ ಇಂಗ್ಲೆಂಡಿನ ಮ್ಯಾಜ್ ಸೈಯರ್ಸ್ ಗಂಡಸರ ಜೊತೆಗೇ ಸ್ಪರ್ಧೆಗೆ ಇಳಿದು ಎರಡನೇ ಸ್ಥಾನ ಪಡೆದರು. ಅದಾದ ಮೇಲೆ ಸ್ಪರ್ಧೆ ನಡೆಸುವ ಸಂಸ್ಥೆ ಮಹಿಳೆಯರಿಗೆ ಬಾಗಿಲು ಮುಚ್ಚಿತು. 1906ರಲ್ಲಿ ಅವರಿಗೆಂದೇ ಪ್ರತ್ಯೇಕ ಸ್ಪರ್ಧೆ ಶುರುವಾದಾಗ ಮೊದಲ ಎರಡು ವರ್ಷವೂ ಗೆದ್ದವರು ಅದೇ ಸೈಯರ್ಸ್. ಜೋಡಿ ಸ್ಪರ್ಧೆ 1908ರಲ್ಲಿ, ಐಸ್ ಡಾನ್ಸ್ 1952ರಲ್ಲಿ ಸೇರಿಕೊಂಡವು.

1902ರಲ್ಲಿ ಸೈಯರ್ಸ್‌ಗಿಂತ ಮುಂದಿದ್ದವರು ಸ್ವೀಡನ್ನಿನ ಉಲ್ರಿಚ್ ಸಾಲ್ಕೋ. 1901ರಿಂದ 1911ರ ನಡುವೆ ಅವರು ಹತ್ತು ಬಾರಿ ಗೆದ್ದರು. ಅಷ್ಟು ಪದಕಗಳ ಲೆಕ್ಕ ಇಂದು ಇತಿಹಾಸ ಓದುವವರಿಗಷ್ಟೇ ಗೊತ್ತು. ಆದರೆ ಅವರು 1909ರಲ್ಲಿ ಹಾರಿ ತೋರಿಸಿದ ಜಿಗಿತವನ್ನು ಸ್ಕೇಟಿಂಗ್ ಕಲಿಯುವ ಮಕ್ಕಳು ಈಗಲೂ ‘ಸಾಲ್ಕೋ’ ಎಂದೇ ಕರೆಯುತ್ತಾರೆ.

ಹೀಗೆ ಹೆಸರು ಉಳಿಯಲು ಪ್ರಶಸ್ತಿ ಬೇಕೆಂದೇನೂ ಇಲ್ಲ. ಆರು ಮುಖ್ಯ ಜಿಗಿತಗಳಲ್ಲಿ ಒಂದಾದ ‘ಲುಟ್ಸ್’ ಆಸ್ಟ್ರಿಯಾದ ಅಲೋಯಿಸ್ ಲುಟ್ಸ್ ಅವರದು. ಅವರು ವಿಶ್ವ ಪ್ರಶಸ್ತಿ ಗೆದ್ದವರಲ್ಲ. ಜರ್ಮನಿಯ ವರ್ನರ್ ರಿಟ್‌ಬರ್ಗರ್ ಮೂರು ಬಾರಿ ಎರಡನೆಯವರಾಗಿಯೇ ಉಳಿದರು, ಅದರಲ್ಲಿ ಎರಡು ಸಲ ಸೋತದ್ದು ಸಾಲ್ಕೋಗೆ. ಆದರೂ ‘ಲೂಪ್’ ಜಿಗಿತಕ್ಕೆ ಯುರೋಪಿನ ಹಲವೆಡೆ ರಿಟ್‌ಬರ್ಗರ್ ಎಂದೇ ಹೆಸರು. ನಾರ್ವೆಯ ಆಕ್ಸೆಲ್ ಪಾಲ್ಸನ್ ತಮ್ಮ ‘ಆಕ್ಸೆಲ್’ ಜಿಗಿತ ತೋರಿಸಿದ್ದು 1882ರಲ್ಲಿ, ವಿಶ್ವ ಚಾಂಪಿಯನ್‌ಶಿಪ್ ಹುಟ್ಟುವುದಕ್ಕೂ ಮೊದಲು.

ಪದಕದ ಲೆಕ್ಕ ಬರೆಯುವವರಿಗೆ ಬೇರೆ ಹೆಸರುಗಳಿವೆ. ನಾರ್ವೆಯ ಸೋನ್ಯಾ ಹೇನಿ 1927ರಿಂದ 1936ರವರೆಗೆ ಸತತ ಹತ್ತು ವರ್ಷ ಗೆದ್ದರು. ಸೋವಿಯತ್ ಒಕ್ಕೂಟದ ಇರಿನಾ ರೊದ್ನಿನಾ ಜೋಡಿ ವಿಭಾಗದಲ್ಲಿ 1969ರಿಂದ 1978ರವರೆಗೆ ಅಷ್ಟೇ ಬಾರಿ. ಸ್ಪರ್ಧೆ ನಡೆಯದ ವರ್ಷಗಳೂ ಉಂಟು. ಎರಡು ಮಹಾಯುದ್ಧಗಳು ಅದನ್ನು ನಿಲ್ಲಿಸಿದವು. 1961ರ ಫೆಬ್ರುವರಿ 15ರಂದು ಬ್ರಸೆಲ್ಸ್ ಬಳಿ ವಿಮಾನ ಬಿದ್ದು, ಪ್ರಾಗ್‌ಗೆ ಹೊರಟಿದ್ದ ಅಮೆರಿಕದ ಇಡೀ ತಂಡ ತೀರಿಕೊಂಡಿತು. ಆ ವರ್ಷದ ಸ್ಪರ್ಧೆಯನ್ನೇ ಕೈಬಿಟ್ಟರು. 2020ರಲ್ಲಿ ಕೋವಿಡ್ ಅಡ್ಡ ಬಂತು.

ಆಟದ ಬಗೆಯೂ ಬದಲಾಗಿದೆ. ಹಿಂದೆ ಒಂದೇ ಕಾಲಲ್ಲಿ ಎಂಟರ ಆಕಾರವನ್ನು ಮತ್ತೆ ಮತ್ತೆ ಎಳೆಯಬೇಕಿತ್ತು, ತೀರ್ಪುಗಾರರು ಬಗ್ಗಿ ಗೆರೆ ಪರೀಕ್ಷಿಸುತ್ತಿದ್ದರು. 1990ರ ನಂತರ ಅದು ವಿಶ್ವ ಸ್ಪರ್ಧೆಯಿಂದ ಹೋಯಿತು. ಈಗ ಒಂಟಿ ಸ್ಪರ್ಧೆಯಲ್ಲಿ ಚಿಕ್ಕದೊಂದು, ಸುಮಾರು ನಾಲ್ಕು ನಿಮಿಷದ ದೊಡ್ಡದೊಂದು, ಹೀಗೆ ಎರಡು ಪ್ರದರ್ಶನಗಳ ಅಂಕ ಕೂಡಿಸುತ್ತಾರೆ.

ನಮ್ಮ ದೇಶದಲ್ಲಿ ಚಳಿಗಾಲದ ನೈಸರ್ಗಿಕ ಮಂಜುಗಡ್ಡೆಯ ಮೇಲೆ ಶಿಮ್ಲಾದ ಕ್ಲಬ್ 1920ರಿಂದ ಸ್ಕೇಟಿಂಗ್ ನಡೆಸುತ್ತ ಬಂದಿದೆ. ಭಾರತದ ಹೆಸರಲ್ಲಿ ಅಂತರರಾಷ್ಟ್ರೀಯ ಕಣಕ್ಕಿಳಿದ ಅಮಿ ಪಾರೇಖ್, ತಾರಾ ಪ್ರಸಾದ್ ಇಬ್ಬರೂ ಅಮೆರಿಕದಲ್ಲಿ ಬೆಳೆದವರು. ಜಾವಗಲ್ಲು ಇರುವ ಹಾಸನ ಸೀಮೆಯವರಿಗಂತೂ ಇದು ಟಿ.ವಿ. ಪರದೆಯ ಆಟವೇ.

ಪರದೆಯಲ್ಲಿ ನೋಡುವಾಗ ಒಂದು ಗುರುತು ನೆನಪಿರಲಿ. ಆರು ಮುಖ್ಯ ಜಿಗಿತಗಳಲ್ಲಿ ಐದಕ್ಕೆ ಆಟಗಾರ ಹಿಮ್ಮುಖವಾಗಿ ಸಾಗುತ್ತಲೇ ಮೇಲೇಳುತ್ತಾನೆ. ಮುಮ್ಮುಖವಾಗಿ ನುಗ್ಗಿ ಹಾರಿದರೆ ಅದು ಆಕ್ಸೆಲ್. ಇಳಿಯುವುದು ಹಿಮ್ಮುಖವಾಗಿಯೇ ಆದ್ದರಿಂದ ಅರ್ಧ ಸುತ್ತು ಹೆಚ್ಚು ತಿರುಗಬೇಕು. ನಾಲ್ಕೂವರೆ ಸುತ್ತಿನ ಆಕ್ಸೆಲನ್ನು ಸ್ಪರ್ಧೆಯಲ್ಲಿ ಮೊದಲು ಸಾಧಿಸಿದವರು ಅಮೆರಿಕದ ಇಲ್ಯಾ ಮಾಲಿನಿನ್, 2022ರಲ್ಲಿ. 2024ರಲ್ಲಿ ಮಾಂಟ್ರಿಯಲ್‌ನಲ್ಲಿ ಅದನ್ನೇ ಹಾರಿ ವಿಶ್ವ ಚಾಂಪಿಯನ್ ಆದರು. ಚಿನ್ನ ಮಾಲಿನಿನ್ ಅವರದು. ವೀಕ್ಷಕ ವಿವರಣೆಕಾರರು ಕೂಗಿ ಹೇಳುವುದು 140 ವರ್ಷ ಹಿಂದಿನ ಪಾಲ್ಸನ್ನರ ಹೆಸರು.