ಅಜ್ಜಿಯ ಕೈ ಬೇಕು, ಡಬ್ಬಿ ಬೇಡ

ಅಮೆರಿಕದಲ್ಲಿ ಮಕ್ಕಳ ವೈದ್ಯೆಯಾಗಿ ನಾನು ಮತ್ತೆ ಮತ್ತೆ ನೋಡುವ ದೃಶ್ಯವೊಂದಿದೆ. ಬಾಣಂತನಕ್ಕೆಂದು ಊರಿನಿಂದ ಬಂದ ಅಜ್ಜಿ ಒಂದು ಕುರ್ಚಿಯಲ್ಲಿ, ಆಸ್ಪತ್ರೆಯವರು ಕೊಟ್ಟ ಸೂಚನೆಗಳ ಹಾಳೆ ಹಿಡಿದ ಮಗಳು ಇನ್ನೊಂದರಲ್ಲಿ, ನಡುವೆ ಅಳುವ ಕೂಸು. "ಮೂರು ಮಕ್ಕಳನ್ನು ಸಾಕಿದ್ದೀನಿ ಡಾಕ್ಟ್ರೇ, ಇವಳು ನನ್ನ ಮಾತೇ ಕೇಳಲ್ಲ" ಎನ್ನುತ್ತಾರೆ ಅಜ್ಜಿ. ಮಗಳ ಕಣ್ಣಲ್ಲಿ ನೀರು. ಯಾರ ಮಾತು ಸರಿ? ನನ್ನ ಉತ್ತರ ಇಷ್ಟೇ: ಅಜ್ಜಿಯ ಕೈ ಬೇಕು, ಅವರು ಸೂಟ್‌ಕೇಸಿನಲ್ಲಿ ತಂದ ಡಬ್ಬಿಗಳು ಬೇಡ.

ಮೊದಲು ಕೈಯ ವಿಷಯ. ಹಗುರವಾಗಿ ಎಣ್ಣೆ ನೀವುವುದು ಒಳ್ಳೆಯದೇ. ಆದರೆ ಮೂಗು ತೀಡುವುದು, ಕಿವಿಗೆ ಎಣ್ಣೆ ಬಿಡುವುದು ಬೇಡ. ಹೊಕ್ಕುಳಬಳ್ಳಿ ಸಾಮಾನ್ಯವಾಗಿ 1ರಿಂದ 3 ವಾರದೊಳಗೆ ತಾನಾಗಿಯೇ ಬೀಳುತ್ತದೆ. ಅಲ್ಲಿಯವರೆಗೆ ಒದ್ದೆ ಬಟ್ಟೆಯಿಂದ ಮೈ ಒರೆಸಿದರೆ ಸಾಕು. ಹಾಲು ಕುಡಿಸಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸುವುದು, ತೊಡೆಯ ಮೇಲೆ ಮಲಗಿಸಿಕೊಂಡು ತಟ್ಟುವುದು, ಬಾಣಂತಿಗೆ ಬಿಸಿ ಊಟ ಮತ್ತು ಎರಡು ಗಂಟೆ ನಿದ್ದೆ ಸಿಗುವಂತೆ ನೋಡಿಕೊಳ್ಳುವುದು, ಇವನ್ನು ಯಾವ ಹಾಳೆಯೂ ಮಾಡಿಕೊಡುವುದಿಲ್ಲ.

ಇನ್ನು ಡಬ್ಬಿಗಳು. ಜೇನುತುಪ್ಪದಲ್ಲಿ ಬಾಟ್ಯುಲಿಸಂ ರೋಗಾಣುವಿನ ಬೀಜಕಗಳು ಇರಬಹುದು. ಅವು ಕೂಸಿನ ಕರುಳಿನಲ್ಲಿ ಬೆಳೆದು ಸ್ನಾಯುಗಳ ಶಕ್ತಿಯನ್ನೇ ಕುಂದಿಸಬಲ್ಲವು. ವರ್ಷ ತುಂಬುವವರೆಗೆ ಒಂದು ತೊಟ್ಟೂ ಬೇಡ. ತೇದು ನೆಕ್ಕಿಸುವ ಬಜೆಯನ್ನು ಆಹಾರದಲ್ಲಿ ಬಳಸುವುದಕ್ಕೆ ಈ ದೇಶದಲ್ಲಿ 1968ರಿಂದಲೇ ನಿಷೇಧವಿದೆ. ಕೆಲವು ಕಾಡಿಗೆಗಳಲ್ಲಿ ಸೀಸ ಇರುತ್ತದೆ. ದೃಷ್ಟಿ ತಾಗಿತೆನಿಸಿದರೆ ನಿವಾಳಿಸಿ, ಯಾರ ಅಡ್ಡಿಯೂ ಇಲ್ಲ; ಕಾಡಿಗೆ ಮಾತ್ರ ಬೇಡ. ಸಾಂಬ್ರಾಣಿ ಹೊಗೆ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. 6 ತಿಂಗಳವರೆಗೆ ಬಾಯಾರಿಕೆಗೂ ಹಾಲೇ ಸಾಕು, ನೀರು ಬೇಕಿಲ್ಲ.

"ಹಾಲು ಸಾಲುತ್ತಿಲ್ಲ, ಅದಕ್ಕೇ ಅಳ್ತಿದೆ" ಎಂಬ ಮಾತು ಎಳೆ ತಾಯಿಯನ್ನು ಕುಗ್ಗಿಸಿಬಿಡುತ್ತದೆ. ಹಾಲು ಸಾಲುತ್ತಿದೆಯೇ ಎಂದು ಡೈಪರ್ ಹೇಳುತ್ತದೆ. 5ನೇ ದಿನದ ನಂತರ ದಿನಕ್ಕೆ ಆರಾದರೂ ಡೈಪರ್ ಒದ್ದೆಯಾಗಿ, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ. ದಿನಕ್ಕೆ 8ರಿಂದ 12 ಸಲ ಹಾಲು ಕೇಳುವುದು ಸಹಜ. ಸಂಜೆಯಾದರೆ ಶುರುವಾಗುವ ಅಳು ಸುಮಾರು 6ನೇ ವಾರದಲ್ಲಿ ಹೆಚ್ಚಾಗಿ, 3–4 ತಿಂಗಳಿಗೆ ತಗ್ಗುತ್ತದೆ. ಅಳು ಕೇಳಿ ಕೇಳಿ ತಾಳ್ಮೆ ತಪ್ಪಿತೆನಿಸಿದರೆ ಕೂಸನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಐದು ನಿಮಿಷ ಪಕ್ಕದ ಕೋಣೆಗೆ ಹೋಗಿ. ಎಂದಿಗೂ ಕುಲುಕಬೇಡಿ, ಮಿದುಳಿಗೆ ಪೆಟ್ಟಾಗುತ್ತದೆ. ನಿದ್ದೆಗೂ ಅಷ್ಟೇ, ಯಾವಾಗಲೂ ಅಂಗಾತ, ದಿಂಬಿಲ್ಲದೆ.

ಆದರೆ ಕೆಲವಕ್ಕೆ ಕಾಯಬಾರದು. 3 ತಿಂಗಳೊಳಗಿನ ಕೂಸಿಗೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ನಡುರಾತ್ರಿಯಾದರೂ ತುರ್ತು ಚಿಕಿತ್ಸೆಗೆ ಹೋಗಿ. ಉಸಿರಾಡಲು ಕಷ್ಟಪಡುತ್ತಿದ್ದರೆ, ಹಸಿರು ಬಣ್ಣದ ವಾಂತಿಯಾದರೆ, ಎಬ್ಬಿಸಿದರೂ ಹಾಲಿಗೆ ಏಳದಿದ್ದರೆ ಕೂಡಲೇ ಹೊರಡಿ. ಕಾಮಾಲೆ ಸಾಮಾನ್ಯವಾಗಿ 3ರಿಂದ 5ನೇ ದಿನದಲ್ಲಿ ಏರುತ್ತದೆ. ಅಷ್ಟರಲ್ಲಿ ನೀವು ಮನೆಗೆ ಬಂದಿರುತ್ತೀರಿ. ನಮ್ಮ ಮೈಬಣ್ಣದಲ್ಲಿ ಹಳದಿ ಸುಲಭವಾಗಿ ಕಾಣಿಸದು. ಕಣ್ಣಿನ ಬಿಳಿಭಾಗ, ಒಸಡು ನೋಡಿ. ಮೊದಲ ತಪಾಸಣೆಯನ್ನಂತೂ ತಪ್ಪಿಸಬೇಡಿ.

ಅಜ್ಜಿಯಂದಿರೇ, ಮುಂದಿನ ಸಲ ನೀವೂ ಮಗಳ ಜೊತೆ ವೈದ್ಯರಲ್ಲಿಗೆ ಬನ್ನಿ. ಕನ್ನಡದಲ್ಲೇ ಕೇಳಿ, ಮಗಳು ಅನುವಾದಿಸಲಿ. ಕೂಸು ಅತ್ತಾಗ ಬಾಯಿಗೆ ಏನು ಹಾಕಲಿ ಎಂದು ಡಬ್ಬಿ ಹುಡುಕುವ ಬದಲು ಮಡಿಲಿಗೆ ಹಾಕಿಕೊಳ್ಳಿ. ಅಷ್ಟು ದೂರದಿಂದ ನೀವು ಬಂದಿರುವುದು ಅದಕ್ಕೇ ಅಲ್ಲವೇ?