ಹಳಿಯ ಉಕ್ಕಿನ ಹದ

ಮುಧೋಳದ ಕಡೆಯ ಕುಲುಮೆಯೊಂದರ ಮುಂದೆ ಅರೆಗಳಿಗೆ ನಿಲ್ಲೋಣ. ಕಮ್ಮಾರನು ಕಬ್ಬು ಕಡಿಯುವ ಕುಡುಗೋಲನ್ನು ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದುತ್ತಾನೆ. ಅನಂತರ ಮತ್ತೊಮ್ಮೆ ಹದವಾಗಿ ಬಿಸಿ ತಾಗಿಸುತ್ತಾನೆ. ಮೊದಲನೆಯದರಿಂದ ಅಲಗು ಗಡುಸಾಗುವುದು. ಎರಡನೆಯದರಿಂದ ಪೆಡಸುತನ ತಗ್ಗುವುದು. ಬಾಗಲಕೋಟೆಯಿಂದ ಮುಧೋಳ, ಜಮಖಂಡಿಗಳ ಮೇಲೆ ಕುಡಚಿಗೆ ಹೋಗಬೇಕೆಂದು 2010-11ರಲ್ಲಿ ಮಂಜೂರಾದ ರೈಲುಮಾರ್ಗದ ಹಳಿಗೂ ಹೀಗೆಯೇ ನೀರು ಕುಡಿಸಿದರಾಗದೆ ಎಂದು ವಿದ್ಯಾರ್ಥಿಗಳು ನಮ್ಮನ್ನು ಕೇಳುವುದುಂಟು.

ಹಳಿಯ ಉಕ್ಕಿನಲ್ಲಿ ಇಂಗಾಲವು ಸಾಮಾನ್ಯವಾಗಿ ಶೇಕಡಾ 0.6ರಿಂದ 0.8ರಷ್ಟಿರುತ್ತದೆ. ಸುಮಾರು 727 ಡಿಗ್ರಿ ಸೆಂಟಿಗ್ರೇಡಿಗಿಂತ ಸಾಕಷ್ಟು ಮೇಲಕ್ಕೆ ಕಾಯಿಸಿದಾಗ ಈ ಇಂಗಾಲವೆಲ್ಲ ಕಬ್ಬಿಣದಲ್ಲಿ ಕರಗಿಹೋಗುತ್ತದೆ. ಈ ಸ್ಥಿತಿಗೆ ಆಸ್ಟೆನೈಟ್ ಎಂದು ಹೆಸರು. ನಿಧಾನವಾಗಿ ಆರಿದರೆ ಕಬ್ಬಿಣವೂ ಕಬ್ಬಿಣದ ಕಾರ್ಬೈಡೂ ರಬಕವಿ-ಬನಹಟ್ಟಿಯ ಸೀರೆಯ ಪಟ್ಟೆಗಳಂತೆ ಒಂದರ ಪಕ್ಕಕ್ಕೊಂದು ನೆಲೆಗೊಳ್ಳುತ್ತವೆ. ಇದೇ ಪರ್ಲೈಟ್. ಪಟ್ಟೆಗಳು ನವುರಾದಷ್ಟೂ ಉಕ್ಕು ಗಟ್ಟಿ. ಥಟ್ಟನೆ ತಣಿಸಿದರೆ ಇಂಗಾಲಕ್ಕೆ ಹೊರಬರಲು ಬಿಡುವೇ ಇಲ್ಲ, ಮಾರ್ಟೆನ್ಸೈಟ್ ಹುಟ್ಟುತ್ತದೆ. ಅದು ಬಹು ಗಡುಸು, ಆದರೆ ಗಾಜಿನಂತೆ ಪೆಡಸು. ತುಂಬಿದ ಸರಕುಬಂಡಿಯ ಒಂದು ಚಕ್ರ ಸುಮಾರು 11 ಟನ್ನುಗಳ ಭಾರವನ್ನು ಚಿಕ್ಕ ನಾಣ್ಯದಷ್ಟು ಜಾಗದ ಮೇಲೆ ಹೊರಿಸುವಾಗ ಅಂಥ ಉಕ್ಕು ತಾಳೀತೆ?

ಆದುದರಿಂದ ಕಾರ್ಖಾನೆಯವರು ನಡುದಾರಿ ಹಿಡಿದಿದ್ದಾರೆ. ಕಾದ ಹಳಿಯ ತಲೆಯ ಮೇಲೆ ಗಾಳಿಯನ್ನೋ ನೀರಿನ ತುಂತುರನ್ನೋ ಅಳತೆಯಿಂದ ಹಾಯಿಸಿ, ಪರ್ಲೈಟಿನ ಪಟ್ಟೆಗಳನ್ನು ನವುರಾಗಿಸುತ್ತಾರೆ. ಬ್ರಿನೆಲ್ ಮಾನದಲ್ಲಿ 260ರ ಆಸುಪಾಸಿನಲ್ಲಿದ್ದ ಕಾಠಿಣ್ಯ 340ನ್ನು ದಾಟುತ್ತದೆ. ಬೇಗ ಸವೆಯುವ ತಿರುವುಗಳಿಗೆ ಇಂಥ ಹಳಿಯೇ ಯೋಗ್ಯ.

ಇನ್ನು ಶೈತ್ಯದ ಮಾತು. ದ್ರವ ನೈಟ್ರೋಜನ್ನಿನ ಕುದಿಬಿಂದು ಸೊನ್ನೆಗಿಂತ 196 ಡಿಗ್ರಿ ಕೆಳಗೆ. ನೀರು ಕುಡಿಸಿದ ಉಪಕರಣದ ಉಕ್ಕಿನಲ್ಲಿ ಉಳಿದುಬಿಟ್ಟ ಆಸ್ಟೆನೈಟನ್ನು ಆ ಚಳಿ ಮಾರ್ಟೆನ್ಸೈಟಾಗಿ ಮಾರ್ಪಡಿಸಬಲ್ಲುದು. ಅಚ್ಚು, ಬೈರಿಗೆಗಳಿಗೆ ಅದರಿಂದ ಲಾಭವುಂಟು. ಪರ್ಲೈಟಿನ ಹಳಿಯಲ್ಲಿ ಹಾಗೆ ಉಳಿದ ಆಸ್ಟೆನೈಟ್ ಇರುವುದೇ ಅತ್ಯಲ್ಪ. ಇಲ್ಲದುದನ್ನು ಮಾರ್ಪಡಿಸುವುದೆಂತು? ಆ ಖರ್ಚು ವ್ಯರ್ಥವೆಂದೇ ನಮ್ಮ ಅಭಿಪ್ರಾಯ. ಬೀಳಗಿಯ ಬೇಸಗೆಯ ಬಿಸಿಲೂ ಈ ಒಳರಚನೆಯನ್ನು ಕದಲಿಸದು. ಡಿಗ್ರಿಯೊಂದಕ್ಕೆ, ತಡೆಯಿಲ್ಲದ ಒಂದು ಕಿಲೋಮೀಟರ್ ಹಳಿಯನ್ನು ಸುಮಾರು 12 ಮಿಲಿಮೀಟರಿನಷ್ಟು ಉದ್ದವಾಗಿಸೀತು, ಅಷ್ಟೆ.

ನಿಜವಾದ ಅಪಾಯ ಬೇರೆಡೆ ಇದೆ. ಎಂಜಿನ್ನಿನ ಚಕ್ರ ಮುಂದೆ ಸರಿಯದೆ ಇದ್ದಲ್ಲಿಯೇ ಜಾರಿ ತಿರುಗಿದರೆ, ಉಜ್ಜಾಟದಿಂದ ಹಳಿಯ ಮೇಲ್ಪದರವು ಕ್ಷಣಮಾತ್ರದಲ್ಲಿ ಕೆಂಪಗೆ ಕಾಯುತ್ತದೆ. ಚಕ್ರ ಮುಂದಕ್ಕೆ ಹೋದೊಡನೆ ಕೆಳಗಿನ ತಣ್ಣನೆಯ ಉಕ್ಕೇ ಆ ಶಾಖವನ್ನು ಹೀರಿಬಿಡುತ್ತದೆ. ನೀರಿಲ್ಲದೆಯೇ ಕಮ್ಮಾರನ ಕೆಲಸ ನಡೆದುಹೋಯಿತು! ಅಲ್ಲಿ ಹುಟ್ಟಿದ ಮಾರ್ಟೆನ್ಸೈಟಿನ ತೆಳುಪದರ ಬಿರಿದು, ಬಿರುಕು ಒಳಕ್ಕೆ ಇಳಿಯತೊಡಗುತ್ತದೆ. ಶ್ರವಣಾತೀತ ಧ್ವನಿಯಿಂದ ಹಳಿಯನ್ನು ಪರೀಕ್ಷಿಸುವವರು ಹುಡುಕುವುದು ಇಂಥ ಬಿರುಕುಗಳನ್ನೇ. ಬಿರುಕು ಆಳಕ್ಕೆ ಇಳಿಯುವ ಮೊದಲೇ ಆ ಪದರವನ್ನು ಸಾಣೆಕಲ್ಲಿನಿಂದ ಉಜ್ಜಿ ತೆಗೆದರೆ ಹಳಿ ಉಳಿಯುತ್ತದೆ.