ಹಾರದ ನೊಣಕ್ಕೆ ಕುಂಭಕರ್ಣನ ನೆರವು

ಸಂಶೋಧಕಿ ಸೀಸೆಯನ್ನು ಬೋರಲು ಮಾಡಿ ತಟ್ಟಿದರು. ಉದ್ದನೆಯ ಗಾಜಿನ ಕೊಳವೆಗೆ ಬಿದ್ದ ಹಣ್ಣುನೊಣಗಳು ಅರ್ಧದಾರಿಯಲ್ಲೇ ರೆಕ್ಕೆ ಬಿಚ್ಚಿ ಗೋಡೆ ಹಿಡಿದವು. ಇನ್ನೊಂದು ಸೀಸೆಯವು ಎಳ್ಳು ಸುರಿದಂತೆ ನೇರ ತಳಕ್ಕೆ! ಸತ್ತವೇನೋ ಎಂದು ಬಗ್ಗಿ ನೋಡಿದರೆ ಚುರುಕಾಗಿ ಓಡಾಡುತ್ತಿವೆ, ನೆಗೆಯುತ್ತಿವೆ. ರೆಕ್ಕೆಗಳೂ ಇವೆ, ಬೆನ್ನ ಮೇಲೆ ಮಡಚಿಕೊಳ್ಳದೆ ಅಕ್ಕಪಕ್ಕಕ್ಕೆ ಚಾಚಿಕೊಂಡಿವೆ, ಅಷ್ಟೇ. “ರೆಕ್ಕೆ ಸರಿಯಾಗೇ ಇದೆ ಸರ್, ತೊಂದರೆ ಇರೋದು ನರಕೋಶದಲ್ಲಿ” ಎಂದರು.

ಬೆಂಗಳೂರಿನ ಆ ಪ್ರಯೋಗಾಲಯ ನೋಡಿ ಬಂದಾಗಿನಿಂದ ಕ್ಯಾಲ್ಸಿಯಂ ಅಂದರೆ ಮೂಳೆ, ಹಾಲು, ಮಾತ್ರೆ ಎನ್ನುವ ಜಾಹೀರಾತು ಕಂಡರೆ ನನಗೆ ಸಿಡುಕು. ಕೋಶದೊಳಗೆ ಅದರ ವ್ಯವಹಾರವೇ ಬೇರೆ. ಕೋಶದ್ರವದಲ್ಲಿ ಬಿಡಿ ಕ್ಯಾಲ್ಸಿಯಂ ಹೊರಗಿಗಿಂತ ಸುಮಾರು 10,000 ಪಟ್ಟು ಕಡಿಮೆ. ಸರ್ಕಾ ಎಂಬ ಪಂಪು ಒಂದು ಎಟಿಪಿ ಅಣು ಖರ್ಚು ಮಾಡಿ 2 ಕ್ಯಾಲ್ಸಿಯಂ ಅಯಾನುಗಳಂತೆ ಅದನ್ನು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ ಎಂಬ ಒಳಕಣಜಕ್ಕೆ ತಳ್ಳುತ್ತಲೇ ಇರುತ್ತದೆ. ಹಾರ್ಮೋನೋ ನರಸಂದೇಶವೋ ಬಂದು ಮುಟ್ಟಿದಾಗ ಕೋಶಪೊರೆಯಲ್ಲಿ ಐಪಿ3 ಎಂಬ ಪುಟ್ಟ ಅಣು ತಯಾರಾಗಿ ಕಣಜದ ಬಾಗಿಲಿಗೆ ಅಂಟುತ್ತದೆ. ಬಾಗಿಲು ತೆರೆಯುತ್ತದೆ.

ಈ ಶೋಧದ ಹಿಂದೆಯೂ ನೊಣವೇ ಇದೆ. ಕೇಂಬ್ರಿಜ್‌ನ ಮೈಕಲ್ ಬೆರಿಜ್ ಮಾಂಸಕ್ಕೆ ಮುತ್ತುವ ನೀಲಿ ನೊಣದ ಜೊಲ್ಲುಗ್ರಂಥಿ ಬಿಡಿಸಿ, ಅದರಿಂದ ಒಸರುವ ಹನಿ ಅಳೆಯುತ್ತ ವರ್ಷಗಳನ್ನು ಕಳೆದವರು. 1983ರಲ್ಲಿ ಅವರೂ ಜರ್ಮನಿಯ ಸಂಶೋಧಕರೂ ಸೇರಿ, ಐಪಿ3 ಕಣಜದಿಂದ ಕ್ಯಾಲ್ಸಿಯಂ ಹೊರಡಿಸುವುದನ್ನು ಮೇದೋಜೀರಕ ಗ್ರಂಥಿಯ ಕೋಶಗಳಲ್ಲಿ ತೋರಿಸಿಕೊಟ್ಟರು. 1989ರಲ್ಲಿ ಜಪಾನಿನ ಕತ್ಸುಹಿಕೊ ಮಿಕೊಶಿಬಾ ತಂಡ ಬಾಗಿಲಿನ ಜೀನನ್ನು ಓದಿತು. 1991ರಲ್ಲಿ ಹೊರಬಿದ್ದ ಸಂಗತಿಯಂತೂ ನನಗೆ ಬಲು ಇಷ್ಟ: ಹೊರಬಂದ ಕ್ಯಾಲ್ಸಿಯಂ ಸ್ವಲ್ಪವಿದ್ದರೆ ಬಾಗಿಲನ್ನು ಇನ್ನಷ್ಟು ತೆರೆಸುತ್ತದೆ, ವಿಪರೀತವಾದರೆ ತಾನೇ ಮುಚ್ಚಿಸುತ್ತದೆ. ಹಾಗಾಗಿಯೇ ಅದು ಒಂದೇ ಸಮನೆ ಸುರಿಯದೆ ಬಿಟ್ಟುಬಿಟ್ಟು, ಅಲೆಯಾಗಿ ಬರಬಲ್ಲದು.

ಎಳ್ಳಿನಂತೆ ಬಿದ್ದವಲ್ಲ, ಆ ನೊಣಗಳಲ್ಲಿ ಕೆಟ್ಟಿರುವುದು ಈ ಬಾಗಿಲೇ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ಗೈತಿ ಹಸನ್ ತಂಡ 2004ರಲ್ಲಿ ಇದನ್ನು ವರದಿ ಮಾಡಿತು. ಆಯ್ದ ಕೆಲವು ನರಕೋಶಗಳಿಗೆ ಮಾತ್ರ ಒಳ್ಳೆಯ ಬಾಗಿಲು ಕೊಟ್ಟರೂ ನೊಣ ಹಾರಿತು. ಆಮೇಲಿನದು ಇನ್ನೂ ಸ್ವಾರಸ್ಯ. ಕುಂಭಕರ್ಣ ಎಂಬ ಹೆಸರಿನ ಒಂದು ನೊಣದ ತಳಿಯಿದೆ. ಬಿಸಿ ಹೆಚ್ಚಿದರೆ ಮರಗಟ್ಟಿ ಬೀಳುತ್ತದೆ. ಹೆಸರಿಟ್ಟವರು ರಾಮಾಯಣ ಬಲ್ಲವರೇ ಇರಬೇಕು. ಈ ತಳಿಯಲ್ಲಿ ಕೆಟ್ಟಿರುವುದು ಸರ್ಕಾ ಪಂಪು. ಬಾಗಿಲು ಕೆಟ್ಟ ನೊಣಕ್ಕೆ ಕುಂಭಕರ್ಣನ ಜೀನಿನ ಒಂದು ಪ್ರತಿಯನ್ನೂ ಸೇರಿಸಿದರೆ ಏನಾಗಬೇಕು? ಎರಡು ರೋಗ ಕೂಡಿ ನೊಣ ಇನ್ನೂ ಹಾಳಾಗಬೇಕು. 2006ರಲ್ಲಿ ಅದೇ ತಂಡ ಕಂಡದ್ದು, ಹಾರಾಟ ಸುಧಾರಿಸಿದ್ದನ್ನು! ಬಾಗಿಲಿನಿಂದ ಬರುವುದೇ ಅಷ್ಟಿಷ್ಟು. ಪಂಪು ಅದನ್ನು ಬೇಗ ಬಾಚಿಕೊಳ್ಳದಿದ್ದರೆ ಇದ್ದಷ್ಟರಲ್ಲೇ ಕೆಲಸ ನಡೆಯುತ್ತದೆ. 2009ರ ಹೊತ್ತಿಗೆ ಇನ್ನೊಂದು ದಾರಿಯೂ ಸಿಕ್ಕಿತು. ಕಣಜ ಬರಿದಾದಾಗ ಸ್ಟಿಮ್ ಎಂಬ ಪ್ರೋಟೀನು ಅದನ್ನರಿತು, ಕೋಶಪೊರೆಯ ಒರಾಯ್ ದ್ವಾರ ತೆರೆಸಿ ಹೊರಗಿನ ಕ್ಯಾಲ್ಸಿಯಂ ಒಳಗೆ ಬಿಡುತ್ತದೆ. ಈ ಪ್ರೋಟೀನುಗಳನ್ನು ಹೆಚ್ಚಿಸಿದರೂ ನೊಣ ಹಾರುತ್ತದೆ.

ಮನುಷ್ಯರಲ್ಲಿ ಇದೇ ಬಾಗಿಲಿನ ಜೀನ್ ಕೆಟ್ಟರೆ ನಡಿಗೆ ತಾಳ ತಪ್ಪುವ ಒಂದು ಬಗೆಯ ಅಟಾಕ್ಸಿಯಾ ಬರುತ್ತದೆ. ಹಾಗಾದರೆ ಪಂಪನ್ನು ಕುಗ್ಗಿಸುವ ಮದ್ದು ಕೊಡಬಹುದಲ್ಲ ಎಂದು ಯಾರಾದರೂ ಅಂದರೆ ನಾನಂತೂ ಕೂಡಲೇ ತಲೆಯಾಡಿಸಲಾರೆ. ಸರ್ಕಾವನ್ನು ಪೂರ್ತಿ ತಡೆಯುವ ಥಾಪ್ಸಿಗಾರ್ಜಿನ್ ಎಂಬ ಸಸ್ಯವಿಷವೊಂದಿದೆ. ಅದು ಕಣಜವನ್ನು ಬರಿದು ಮಾಡಿ ಕೋಶವನ್ನೇ ಕೊಲ್ಲುತ್ತದೆ.